ರಿಪೇರಿಯೋ ಹೊಸದೋ: ನನ್ನ ಲೆಕ್ಕ ಕೊನೆಗೂ ಕೂಡಿ ಬಂತು

ನನ್ನ ಹಳೆಯ ಲ್ಯಾಪ್‌ಟಾಪ್ ಒಟ್ಟು ಮೂರು ಸಲ ಸತ್ತಿದೆ. ಮೊದಲ ಸಲ ತಾನಾಗಿಯೇ, ಉಳಿದೆರಡು ಸಲ ನನ್ನ ಕೈಯಿಂದ. ಆದರೂ 20 ತಿಂಗಳಿಂದ ದಿನಾ ಓಡುತ್ತಿದೆ. "ಗುಜರಿಗೆ ಹಾಕು, ಹೊಸದು ತಗೋ" ಅಂದವರು ನಾಲ್ಕು ಜನ. ಅವರಲ್ಲಿ ಇಬ್ಬರು ಈಚೆಗೆ ತಮ್ಮ ಕೆಟ್ಟ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಹತ್ತಿರವೇ ಬಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಷಿನ್ 4ನೇ ತಲೆಮಾರಿನ ಕೋರ್ ಐ5. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, 15.6 ಇಂಚಿನ ಸ್ಕ್ರೀನ್. ಕಂಪನಿ ಹೆಸರು ಬೇಡ. ಸ್ಕ್ರೂ ಬಿಚ್ಚುವುದು, ಮಲ್ಟಿಮೀಟರ್ ಹಿಡಿಯುವುದು ನಿಮಗೆ ಗೊತ್ತೇ ಇರುತ್ತದೆ. ದುಡ್ಡನ್ನು ಮಾತ್ರ ಒಂದು ಅಳತೆಗೆ ತಂದು ಹೇಳುತ್ತೇನೆ. ನನ್ನ ಕೆಲಸಕ್ಕೆ ಸಾಕಾಗುವ ಹೊಸ ಲ್ಯಾಪ್‌ಟಾಪ್ ಬೆಲೆ 100 ಅಂತ ಇಟ್ಟುಕೊಳ್ಳಿ. ಮುಂದೆ ಬರುವ ಖರ್ಚೆಲ್ಲ ಆ 100ರಲ್ಲಿ ಎಷ್ಟು ಅನ್ನುವ ಲೆಕ್ಕ. ರಸೀದಿ ಇಟ್ಟಿಲ್ಲ, ಒಂದೆರಡು ಆಚೀಚೆ ಇದ್ದೀತು.

ಒಂದು ದಿನ ಪವರ್ ಬಟನ್ ಒತ್ತಿದರೆ ಏನೂ ಇಲ್ಲ. ಫ್ಯಾನ್ ಇಲ್ಲ, ಲೈಟ್ ಇಲ್ಲ. ಬ್ಯಾಟರಿ ಹೇಗೂ ಮುದಿಯಾಗಿತ್ತು. ಕೊನೆಯ ಸಲ ನೋಡಿದಾಗ ಹೊಸದಿದ್ದಾಗಿನ 48 ವ್ಯಾಟ್-ಅವರ್‌ನಲ್ಲಿ 15 ಉಳಿದಿತ್ತು. ಅದೇ ಹೋಗಿರಬೇಕು ಅಂತ ಹೊಸ ಬ್ಯಾಟರಿ ತರಿಸಿದೆ. ಖರ್ಚು 8. ಏನೂ ಬದಲಾಗಲಿಲ್ಲ. ಹಾಗಾದರೆ ಅಡಾಪ್ಟರ್ ಇರಬೇಕು ಅಂತ ಅದನ್ನೂ ತರಿಸಿದೆ. ಖರ್ಚು 4. ಅದರಲ್ಲೂ ಏನೂ ಇಲ್ಲ.

ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ. ಉತ್ತರ ಕಣ್ಣ ಮುಂದೆಯೇ ಇತ್ತು. ಹಳೆಯ ಅಡಾಪ್ಟರ್‌ನ ಲೈಟು ಗೋಡೆಗೆ ಹಾಕಿದಾಗ ಉರಿಯುತ್ತಿತ್ತು, ಲ್ಯಾಪ್‌ಟಾಪ್‌ಗೆ ಚುಚ್ಚಿದ ಕೂಡಲೇ ಆರುತ್ತಿತ್ತು. ಹೊಸದರದ್ದೂ ಹಾಗೇ ಆರಿತು. ಎರಡು ಅಡಾಪ್ಟರ್ ಒಂದೇ ರೀತಿ ಹೆದರಿ ಬಾಯಿ ಮುಚ್ಚುತ್ತವೆ ಅಂದರೆ ತಪ್ಪು ಅಡಾಪ್ಟರ್‌ದಲ್ಲ, ಮದರ್‌ಬೋರ್ಡಿನಲ್ಲಿ ಶಾರ್ಟ್ ಇದೆ, ಅಂದರೆ ಕರೆಂಟ್ ಎಲ್ಲೋ ನೇರವಾಗಿ ಗ್ರೌಂಡಿಗೆ ಇಳಿಯುತ್ತಿದೆ. ಒಂದು ಪೈಸೆ ಖರ್ಚಿಲ್ಲದೆ ತಿಳಿಯಬಹುದಾಗಿದ್ದ ವಿಷಯಕ್ಕೆ 12 ಕೊಟ್ಟೆ.

ಆಮೇಲೆ ಒಬ್ಬ ಮೆಕ್ಯಾನಿಕ್ ಹತ್ತಿರ ತೋರಿಸಿದೆ. ತೆರೆದೂ ನೋಡಲಿಲ್ಲ. "ಬೋರ್ಡ್ ಹೋಗಿದೆ, ಬೇರೆ ಹಾಕಬೇಕು" ಅಂದರು. ಕೇಳಿದ್ದು 45.

ಇಲ್ಲಿ ಲೆಕ್ಕ ಹಾಕಲು ಕೂತೆ. ಎಲ್ಲರೂ ಹೇಳುವುದು "ಅರ್ಧ ಬೆಲೆಗಿಂತ ಕಡಿಮೆ ಆದರೆ ರಿಪೇರಿ ಮಾಡಿಸು" ಅಂತ. ಅದು ಅರ್ಧ ಸತ್ಯ. ರಿಪೇರಿ ಆದದ್ದು ಎಷ್ಟು ದಿನ ಬರುತ್ತೆ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ನಾನು ತಿಂಗಳ ಲೆಕ್ಕ ಹಾಕುತ್ತೇನೆ. ಹೊಸದು 100ಕ್ಕೆ ಬಂದು 60 ತಿಂಗಳು ನಡೆದರೆ ತಿಂಗಳಿಗೆ 1.7 ಬಿತ್ತು. ನನ್ನ ಹಳೆಯದಕ್ಕೆ ಬೋರ್ಡಿನ 45, ಜೊತೆಗೆ ಡಿಸ್ಕು, ರ‍್ಯಾಮು ಅಂತ ಇನ್ನೊಂದು 10. ಅಷ್ಟು ವಯಸ್ಸಾದದ್ದು ಎರಡು ವರ್ಷಕ್ಕಿಂತ ಜಾಸ್ತಿ ಬರುತ್ತೆ ಅಂತ ನಂಬುವ ಧೈರ್ಯ ನನಗಿಲ್ಲ. 55ನ್ನು 24ರಿಂದ ಭಾಗಿಸಿ. 2.3. ಅಂದರೆ ಆ ರಿಪೇರಿ ಹೊಸದಕ್ಕಿಂತ ದುಬಾರಿ. ಅರ್ಧ ಬೆಲೆ ಸೂತ್ರದ ಪ್ರಕಾರ 45 ಅಂದರೆ ಲಾಭ, ನೋಡಿ!

ಅದೇ ಲೆಕ್ಕ ತಿರುಗಿಸಿದರೆ ನನ್ನ ಮಿತಿಯೂ ಸಿಕ್ಕಿತು. 24 ತಿಂಗಳಿಗೆ 1.7ರಂತೆ 40. ಅಪಾಯ ಇದೆಯಲ್ಲ, ಅದಕ್ಕಾಗಿ ಅರ್ಧಕ್ಕೆ ಇಳಿಸಿ 20 ಅಂದುಕೊಂಡೆ. ಮೊದಲೇ ಕಳೆದ 12 ಇದರಲ್ಲಿ ಸೇರಿಲ್ಲ. "ಇಷ್ಟು ಹಾಕಿದ್ದೀನಿ, ಇನ್ನು ಸ್ವಲ್ಪ ಹಾಕಿದರೆ..." ಅನ್ನುವ ಯೋಚನೆಯೇ ಎಲ್ಲರನ್ನೂ ಮುಳುಗಿಸುವುದು. ಹೋದದ್ದು ಹೋಯಿತು. ಇಲ್ಲಿಂದ ಮುಂದೆ ಎಷ್ಟು, ಅಷ್ಟೇ.

20ರೊಳಗೆ ಆಗಬೇಕಾದರೆ ಬೋರ್ಡ್ ಕೊಳ್ಳುವ ಹಾಗಿಲ್ಲ, ಅದನ್ನೇ ಬದುಕಿಸಬೇಕು. ಅಡಾಪ್ಟರ್‌ನಿಂದ ಬರುವ 19 ವೋಲ್ಟ್ ಲೈನಿನಿಂದ ಗ್ರೌಂಡಿಗೆ ಅಳೆದೆ. 0.4 ಓಮ್. ಪೂರ್ತಿ ಶಾರ್ಟ್. ಕರೆಂಟನ್ನು ಒಳಗೆ ಬಿಡುವ ಸ್ವಿಚ್‌ಗಳು, ಅಂದರೆ ಇನ್‌ಪುಟ್ ಮಾಸ್‌ಫೆಟ್ ಎರಡೂ ಚೆನ್ನಾಗಿದ್ದವು. ಅಂದರೆ ತಪ್ಪು ಅವುಗಳಾಚೆ. ಆ ಲೈನಿನ ಮೇಲೆ ಸಾಲಾಗಿ ಇಪ್ಪತ್ತಕ್ಕೂ ಜಾಸ್ತಿ ಸೆರಾಮಿಕ್ ಕೆಪಾಸಿಟರ್. ಯಾವುದು ಅಂತ ಕಣ್ಣಿಗೆ ಕಾಣುವುದಿಲ್ಲ.

ವೋಲ್ಟ್, ಆಂಪಿಯರ್ ಬೇಕಾದಷ್ಟಕ್ಕೇ ಇಟ್ಟುಕೊಳ್ಳಬಹುದಾದ ಬೆಂಚ್ ಪವರ್ ಸಪ್ಲೈಯನ್ನು ಗೆಳೆಯನಿಂದ ತಂದೆ. 1 ವೋಲ್ಟ್, 2 ಆಂಪಿಯರ್ ಮಿತಿ. ಇಲ್ಲಿ ಆತುರ ಬೇಡ. 19 ವೋಲ್ಟ್ ಲೈನ್ ಅಲ್ವಾ ಅಂತ 19 ಕೊಟ್ಟರೆ, ಸಿಪಿಯು ಕಡೆಯ ಮಾಸ್‌ಫೆಟ್ ಏನಾದರೂ ಶಾರ್ಟ್ ಆಗಿದ್ದಲ್ಲಿ ಅಷ್ಟೂ ನೇರವಾಗಿ ಸಿಪಿಯುಗೆ ಹೋಗುತ್ತದೆ. ಆಮೇಲೆ ಗುಜರಿಯೇ ಗತಿ. ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ತೆಳ್ಳಗೆ ಹಚ್ಚಿ ಕರೆಂಟ್ ಬಿಟ್ಟೆ. ಶಾರ್ಟ್ ಆದ ಭಾಗ ಬಿಸಿಯಾಗುತ್ತದೆ, ಅಲ್ಲಿ ಅದು ಮೊದಲು ಒಣಗುತ್ತದೆ. ಮೊದಲ ಸಲ ಜಾಸ್ತಿ ಸುರಿದುಬಿಟ್ಟು ಏನೂ ತಿಳಿಯಲಿಲ್ಲ. ಎರಡನೇ ಸಲ, ಚಾರ್ಜಿಂಗ್ ಐಸಿ ಪಕ್ಕದ ಒಂದು ಕೆಪಾಸಿಟರ್ ಸುತ್ತ ಮಾತ್ರ ಎರಡು ಮೂರು ಸೆಕೆಂಡಿನಲ್ಲಿ ಒಣಗಿತು. ಅಕ್ಕಿ ಕಾಳಿಗಿಂತ ಸಣ್ಣದು. ತೆಗೆದೆ. 0.4 ಓಮ್ ಇದ್ದದ್ದು ನೂರಾರು ಕಿಲೋ ಓಮ್‌ಗೆ ಏರಿತು. ಅಡಾಪ್ಟರ್ ಚುಚ್ಚಿದೆ. ಲೈಟು ಆರಲಿಲ್ಲ! ಬಟನ್ ಒತ್ತಿದೆ, ಫ್ಯಾನ್ ತಿರುಗಿತು. ಆ ರಾತ್ರಿ ಸುಮ್ನೆ ಹತ್ತು ಸಲ ಆನ್ ಆಫ್ ಮಾಡಿರಬೇಕು.

ಬದಲಿ ಕೆಪಾಸಿಟರ್ ಒಂದು ಸ್ಕ್ರ್ಯಾಪ್ ಬೋರ್ಡಿನಿಂದ ಕಿತ್ತೆ. ಅಳತೆ ಒಂದೇ ಇದ್ದರೆ ಸಾಲದು, 25 ವೋಲ್ಟ್ ತಡೆಯುವಂಥದ್ದೇ ಬೇಕು. ಹೊರಗೆ ಗುರುತು ಇರುವುದಿಲ್ಲ, ಹಾಗಾಗಿ ಇನ್ನೊಂದು ಬೋರ್ಡಿನ 19 ವೋಲ್ಟ್ ಲೈನಿನಿಂದಲೇ ತೆಗೆಯಿರಿ. ಎಂಥ ಸ್ಕ್ರ್ಯಾಪ್ ಬೋರ್ಡ್ ಹುಡುಕಬೇಕು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ನಾಳೆಯಿಂದ ನನಗೇ ಸಿಗುವುದಿಲ್ಲ.

ಗೆದ್ದ ಖುಷಿಯಲ್ಲಿ ಎರಡನೇ ಸಾವು. ಬ್ಯಾಟರಿ ಕಳಚದೆ ಸ್ಕ್ರೀನ್ ಕೇಬಲ್ ಸಿಕ್ಕಿಸಿದೆ. ಸ್ವಲ್ಪ ಓರೆಯಾಯಿತು, ಬ್ಯಾಕ್‌ಲೈಟ್ ಹೋಯಿತು. ಟಾರ್ಚ್ ಹಿಡಿದರೆ ಮಂಕಾಗಿ ಚಿತ್ರ ಕಾಣುತ್ತಿತ್ತು, ಹಾಗಾಗಿ ಸ್ಕ್ರೀನ್ ಬದುಕಿದೆ ಅಂತ ಗೊತ್ತಾಯಿತು. ಬ್ಯಾಕ್‌ಲೈಟ್ ಫ್ಯೂಸ್ ಸುಟ್ಟಿತ್ತು. ತಂತಿ ಹಾಕಿ ದಾಟಿಸುವವರಿದ್ದಾರೆ, ನಾನು ಮಾಡಲಿಲ್ಲ, ಅಷ್ಟೇ ಆಂಪಿಯರ್‌ನ ಫ್ಯೂಸನ್ನೇ ಹುಡುಕಿ ಹಾಕಿದೆ. ಮೂರನೇ ಸಾವು ಕೀಬೋರ್ಡ್ ರಿಬ್ಬನ್ನಿನದು. ಕನೆಕ್ಟರ್‌ನ ಪುಟ್ಟ ಮುಚ್ಚಳ ಮುರಿಯಿತು. ರಿಬ್ಬನ್ ಹಿಂದೆ ಶಾಖ ತಡೆಯುವ ಟೇಪಿನ ಎರಡು ಪದರ ಕೊಟ್ಟು ಬಿಗಿ ಮಾಡಿದ್ದೇನೆ. ಇವತ್ತಿಗೂ ಹಾಗೇ ಇದೆ.

ಇಷ್ಟಾದ ಮೇಲೆಯೇ ದುಡ್ಡು ಬಿಚ್ಚಿದ್ದು. ಹಳೆಯ ಡಿಸ್ಕಿನ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ವರದಿ) ನೋಡಿದರೆ ಪೆಂಡಿಂಗ್ ಸೆಕ್ಟರ್, ಅಂದರೆ ಸರಿಯಾಗಿ ಓದಲಾಗದ ಜಾಗ, ಹತ್ತಾರು. ಕೆಡುತ್ತಿರುವ ಡಿಸ್ಕಿನಿಂದ ಆದಷ್ಟನ್ನು ಉಳಿಸುವ ಡಿಡಿರೆಸ್ಕ್ಯೂ ಪ್ರೋಗ್ರಾಮಿನಲ್ಲಿ ರಾತ್ರಿಯಿಡೀ ಕಾಪಿ ಮಾಡಿಸಿ ಎಸ್‌ಎಸ್‌ಡಿ ಹಾಕಿದೆ. 6. ಬೂಟ್ ಆಗಲು ಎರಡು ನಿಮಿಷದ ಮೇಲೆ ಹಿಡಿಯುತ್ತಿದ್ದದ್ದು ಇಪ್ಪತ್ತು ಸೆಕೆಂಡಿಗೆ ಬಂತು. 8 ಜಿಬಿ ಸೆಕೆಂಡ್ ಹ್ಯಾಂಡ್ ರ‍್ಯಾಮ್, 3. ಇಲ್ಲೂ ಎಡವಿದೆ. ಮೊದಲು ತಂದದ್ದು 1.5 ವೋಲ್ಟಿನ ಡಿಡಿಆರ್3, ಸ್ಕ್ರೀನೇ ಬರಲಿಲ್ಲ. ಈ ತಲೆಮಾರಿನ ಲ್ಯಾಪ್‌ಟಾಪ್‌ಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು. ಪುಣ್ಯಕ್ಕೆ ಬದಲಿಸಿ ಕೊಟ್ಟರು. ಥರ್ಮಲ್ ಪೇಸ್ಟ್, ಕ್ಲೀನಿಂಗು, ಟೇಪು ಎಲ್ಲ ಸೇರಿ 1. ಲೋಡ್ ಇದ್ದಾಗ 97 ಡಿಗ್ರಿ ಮುಟ್ಟುತ್ತಿದ್ದದ್ದು 80ರ ಆಸುಪಾಸಿಗೆ ಇಳಿಯಿತು. ಅದರಲ್ಲಿ ಪೇಸ್ಟಿನ ಪಾಲು ಕಡಿಮೆ. ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಿದ್ದ ಧೂಳೇ ಜಾಸ್ತಿ.

ಒಟ್ಟು 22. ಮುಂದಿನದ್ದು ಮಾತ್ರ ಲೆಕ್ಕ ಹಾಕಿದರೆ 10, ನನ್ನ ಮಿತಿಯ ಅರ್ಧ. ದಡ್ಡತನದ 12ನ್ನು ಸೇರಿಸಿದರೂ 20 ತಿಂಗಳಿಗೆ 1.1 ಬಿದ್ದಿದೆ, ತಿಂಗಳು ಕಳೆದಂತೆ ಇಳಿಯುತ್ತಿದೆ. ಆ ಬ್ಯಾಟರಿಯೂ ಈಗ ಉಪಯೋಗದಲ್ಲಿದೆ ಬಿಡಿ.

ಹಳೆಯ ಬ್ಯಾಟರಿಯ ಸೆಲ್ ಬದಲಿಸುವ ಪ್ರಯೋಗವನ್ನೂ ಮಾಡಿದೆ. ಬ್ಯಾಟರಿಯೊಳಗೆ ಕೂರುವ ಉರುಟು ಲಿಥಿಯಂ ಸೆಲ್ (18650) ಹೊಸದು ಆರು. ಬೆಸುಗೆ ಸರಿ, ವೋಲ್ಟೇಜ್ ಸರಿ. ಆದರೆ ಸೆಲ್ ಕಳಚಿದಾಗಲೇ ಒಳಗಿನ ಕಂಟ್ರೋಲ್ ಚಿಪ್ ಲಾಕ್ ಆಗಿಬಿಟ್ಟಿತ್ತು. ಚಾರ್ಜೇ ತಗೊಳ್ಳಲಿಲ್ಲ. ಅಲ್ಲಿ 3 ಹೋಯಿತು. ಅದು ಚಟದ ಖಾತೆ, ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ.

ಸಾಫ್ಟ್‌ವೇರ್ ಮಾತು. ವಿಂಡೋಸ್ 11, 7ನೇ ತಲೆಮಾರಿನ ಕೆಲವು ಚಿಪ್ ಬಿಟ್ಟರೆ, ಅಧಿಕೃತವಾಗಿ ಇಂಟೆಲ್‌ನ 8ನೇ ತಲೆಮಾರಿನಿಂದ ಈಚೆಗೆ ಮಾತ್ರ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಾನು ಲಿನಕ್ಸ್‌ಗೆ ಬಂದೆ. ನಿಮ್ಮ ಕೆಲಸ ವಿಂಡೋಸ್ ಇಲ್ಲದೆ ಆಗುವುದೇ ಇಲ್ಲ ಅಂದರೆ, ಬೋರ್ಡ್ ಎಷ್ಟೇ ಚೆನ್ನಾಗಿರಲಿ, ಲೆಕ್ಕದ 24 ತಿಂಗಳನ್ನು ಕಡಿಮೆ ಮಾಡಿಕೊಳ್ಳಬೇಕು. ಇನ್ನೊಂದು, ಈ ಚಿಪ್‌ಗೆ ಎವಿ1 ಅನ್ನುವ ಹೊಸ ಬಗೆಯ ವಿಡಿಯೋ ಬಿಚ್ಚುವ ಹಾರ್ಡ್‌ವೇರ್ ಇಲ್ಲ. ಬ್ರೌಸರ್ ಹಳೆಯ ಬಗೆಯಾದ ಎಚ್264 ವಿಡಿಯೋವನ್ನೇ ಕೇಳುವಂತೆ ಮಾಡಿದೆ, ಫ್ಯಾನಿನ ಕೂಗು ನಿಂತಿತು.

ನನ್ನ ಹತ್ತಿರ ಬಂದ ಇಬ್ಬರ ಕತೆ ಬೇರೆ ಬೇರೆ. ಒಬ್ಬನದು ತೆಳ್ಳನೆಯ ಲ್ಯಾಪ್‌ಟಾಪ್. 4 ಜಿಬಿ ರ‍್ಯಾಮ್, ಸ್ಟೋರೇಜ್ ಎರಡೂ ಬೋರ್ಡಿಗೇ ಬೆಸೆದದ್ದು, ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿತ್ತು. ಐದು ನಿಮಿಷದಲ್ಲಿ ಹೇಳಿದೆ, ಹೊಸದು ತಗೋ ಅಂತ. ಬ್ಯಾಟರಿ ಹಾಕಿದರೂ ಅದೇ 4 ಜಿಬಿ. ಇನ್ನೊಬ್ಬನದು ಗ್ರಾಫಿಕ್ಸ್ ಚಿಪ್ ಹೋದದ್ದು. ಬೇಡ ಅಂದೆ, ಕೇಳಲಿಲ್ಲ. ಹಾಟ್ ಏರ್ ಹಿಡಿದೆ, ಬದುಕಿತು. ಮೂರು ವಾರ ನನ್ನನ್ನು ಹೊಗಳಿದ, ನಾಲ್ಕನೇ ವಾರ ಫೋನ್ ಬಂತು. ಬಿಸಿ ಮಾಡಿ ಎಬ್ಬಿಸಿದ ಚಿಪ್ಪು ಹಾಗೇ. ಇಂಥದಕ್ಕೆ ನಾನು 24ರ ಬದಲು 1 ತಿಂಗಳು ಅಂತ ಹಾಕುತ್ತೇನೆ. ಆಗ ಯಾವ ರಿಪೇರಿಯೂ ಲಾಭ ಅನ್ನಿಸುವುದಿಲ್ಲ.

ಈಗ ನನ್ನದರ ಎಡಗಡೆ ಹಿಂಜ್ ಬಿಗಿಯಾಗುತ್ತಿದೆ. ಪ್ಲಾಸ್ಟಿಕ್‌ನಲ್ಲಿ ಕೂತ ಹಿತ್ತಾಳೆ ನಟ್ಟುಗಳು ಕಿತ್ತು ಬರುವ ಮೊದಲು ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿದ್ದೇನೆ. ಆದರೂ ಕಿತ್ತರೆ ಎಪಾಕ್ಸಿ ಹಾಕುತ್ತೇನೆ. 2ರ ಮೇಲೆ ಒಂದು ಚೂರೂ ಖರ್ಚು ಮಾಡುವುದಿಲ್ಲ. ಎಪಾಕ್ಸಿಯೂ ನಿಲ್ಲದಿದ್ದರೆ ಮುಚ್ಚಳ ಪೂರ್ತಿ ಕಳಚಿ, ಅಟ್ಟದ ಮೇಲಿರುವ ಹಳೆಯ ಮಾನಿಟರ್‌ಗೆ ಜೋಡಿಸುತ್ತೇನೆ.