ಟ್ರಾಜೆಕ್ಟರಿಗೆ ಒಂದು ಪುಟದ ಸಾರಾಂಶ: ನನ್ನ ಅನುಭವ

ಪ್ರೋಟೀನ್ ಸಿಮ್ಯುಲೇಷನ್ (ಪರಮಾಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವುದು) ಮಾಡುವವರ ಡಿಸ್ಕ್‌ನಲ್ಲಿ ಫೈಲುಗಳು ರಾಶಿ ಬೀಳುತ್ತಲೇ ಇರುತ್ತವೆ. ಯಾವುದರಲ್ಲಿ ಎಷ್ಟು ನ್ಯಾನೊಸೆಕೆಂಡ್ ಇದೆ, ಯಾವುದರಿಂದ ನೀರಿನ ಅಣುಗಳನ್ನು ತೆಗೆದಿದೆ, ಯಾವುದು ನಡುವೆಯೇ ನಿಂತುಹೋಗಿದೆ ಎಂಬುದು ಹೆಸರು ನೋಡಿದರೆ ತಿಳಿಯುವುದಿಲ್ಲ. ಅದಕ್ಕಾಗಿ ರಚನೆಯ ಫೈಲನ್ನೂ ಟ್ರಾಜೆಕ್ಟರಿಯನ್ನೂ (ಪರಮಾಣುಗಳ ಸ್ಥಾನಗಳನ್ನು ಕ್ಷಣಕ್ಷಣಕ್ಕೂ ದಾಖಲಿಸಿದ ಫೈಲು) ಓದಿ ಒಂದು ಪುಟದ ಸಾರಾಂಶ ಕೊಡುವ ಪ್ರೋಗ್ರಾಮನ್ನು ಪೈಥಾನ್‌ನಲ್ಲಿ ಬರೆದುಕೊಂಡೆ. ಓದುವ ಕೆಲಸವನ್ನು ಎಂಡಿಅನಾಲಿಸಿಸ್ ಲೈಬ್ರರಿ ನೋಡಿಕೊಳ್ಳುತ್ತದೆ. ಆ ಒಂದು ಪುಟದಲ್ಲಿ ಏನಿರಬೇಕು ಎಂದು ತೀರ್ಮಾನಿಸುವುದೇ ನಿಜವಾದ ಕೆಲಸವಾಗಿತ್ತು.

ಪರಮಾಣು ಎಷ್ಟು, ರೆಸಿಡ್ಯೂ (ಸರಪಳಿಯ ಕೊಂಡಿಯಾದ ಅಮೈನೊ ಆಮ್ಲ) ಎಷ್ಟು, ಚೈನ್ (ಸರಪಳಿ) ಎಷ್ಟು ಎಂಬ ಎಣಿಕೆ ಸುಲಭ. ಆದರೆ ಇರಬೇಕಾದದ್ದು ಎಲ್ಲಿ ಇಲ್ಲ ಎಂಬುದನ್ನು ಸಾರಾಂಶ ಮೊದಲು ಹೇಳಬೇಕು ಎಂಬುದು ನನ್ನ ನಿಲುವು. ಕೋಳಿಮೊಟ್ಟೆಯ ಲೈಸೊಜೈಮ್‌ನ ರಚನೆಯನ್ನೇ ತೆಗೆದುಕೊಳ್ಳಿ; ಪ್ರೋಟೀನ್ ರಚನೆಗಳ ಸಾರ್ವಜನಿಕ ಸಂಗ್ರಹವಾದ ಪಿಡಿಬಿಯಲ್ಲಿ ಅದರ ಗುರುತು 1ಎಕೆಐ. ಒಂದೇ ಚೈನ್, 129 ರೆಸಿಡ್ಯೂ. ಅದರ ಎಂಟು ಸಿಸ್ಟೀನ್‌ಗಳು (ಗಂಧಕವಿರುವ ಅಮೈನೊ ಆಮ್ಲ) ನಾಲ್ಕು ಡೈಸಲ್ಫೈಡ್ (ಗಂಧಕ–ಗಂಧಕ) ಬಂಧಗಳಲ್ಲಿ ಜೋಡಿಯಾಗಿವೆ: 6–127, 30–115, 64–80, 76–94. ನನ್ನ ಪ್ರೋಗ್ರಾಮ್ ಗಂಧಕದ ಪರಮಾಣುಗಳ ನಡುವಿನ ದೂರವನ್ನು ಅಳೆದು, ಸುಮಾರು 2 ಆಂಗ್‌ಸ್ಟ್ರಾಮ್ (ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗಕ್ಕೆ ಒಂದು ಆಂಗ್‌ಸ್ಟ್ರಾಮ್) ಇದ್ದರೆ ಜೋಡಿ ಎಂದು ಬರೆಯುತ್ತದೆ. ಒಂಟಿಯಾಗಿ ಉಳಿದ ಸಿಸ್ಟೀನ್ ಇದ್ದರೆ ಅದನ್ನು ಪುಟದ ಮೇಲ್ಭಾಗಕ್ಕೆ ತರುತ್ತದೆ.

ಕಾಣೆಯಾದ ರೆಸಿಡ್ಯೂಗಳ ಪಟ್ಟಿ ಪಿಡಿಬಿ ಫೈಲಿನಲ್ಲಿ ರಿಮಾರ್ಕ್ 465 ಎಂಬ ಸಾಲುಗಳಲ್ಲಿರುತ್ತದೆ. ಫೈಲು ಎರಡು ಮೂರು ಪ್ರೋಗ್ರಾಮ್‌ಗಳ ಕೈದಾಟಿ ಬಂದಿದ್ದರೆ ಆ ಸಾಲುಗಳು ಉಳಿದಿರುವುದೇ ಅಪರೂಪ. ರೆಸಿಡ್ಯೂ ಸಂಖ್ಯೆಯನ್ನು ನೆಚ್ಚುವಂತೆಯೂ ಇಲ್ಲ. ಸಂಬಂಧಿ ಪ್ರೋಟೀನಿನ ಸಂಖ್ಯಾಕ್ರಮವನ್ನು ಅನುಸರಿಸಿದ ರಚನೆಗಳಲ್ಲಿ ಸರಪಳಿ ತುಂಡಾಗದಿದ್ದರೂ ಸಂಖ್ಯೆ ಜಿಗಿಯುತ್ತದೆ. ಆದ್ದರಿಂದ ಒಂದು ರೆಸಿಡ್ಯೂವನ್ನು ಮುಂದಿನದಕ್ಕೆ ಜೋಡಿಸುವ ಪೆಪ್ಟೈಡ್ ಬಂಧವನ್ನೇ ಅಳೆಯುತ್ತೇನೆ. ಇಂಗಾಲ ಮತ್ತು ಸಾರಜನಕದ ನಡುವೆ ಸುಮಾರು 1.33 ಆಂಗ್‌ಸ್ಟ್ರಾಮ್ ಇರಬೇಕು. 2 ದಾಟಿದರೆ ಅಲ್ಲಿ ಸರಪಳಿ ತುಂಡಾಗಿದೆ ಎಂದು ಬರೆಯುತ್ತೇನೆ.

ಟ್ರಾಜೆಕ್ಟರಿಯ ಭಾಗಕ್ಕೆ ಇನ್ನೂ ಹೆಚ್ಚು ಎಚ್ಚರ ಬೇಕು. ಡಿಸಿಡಿ ಎಂಬ ಬಗೆಯ ಟ್ರಾಜೆಕ್ಟರಿ ಫೈಲಿನ ಹೆಡರಿನಲ್ಲಿ (ಆರಂಭದ ಭಾಗದಲ್ಲಿ) ಫ್ರೇಮುಗಳ (ಒಂದೊಂದು ಕ್ಷಣದ ದಾಖಲೆಗಳ) ಸಂಖ್ಯೆ ಬರೆದಿರುತ್ತದೆ, ಆದರೆ ಸಿಮ್ಯುಲೇಷನ್ ಅಕಸ್ಮಾತ್ ನಿಂತಿದ್ದರೆ ಅದನ್ನು ನಂಬಲಾಗದು. ಫೈಲಿನ ಗಾತ್ರ ಮಾತ್ರ ಸುಳ್ಳು ಹೇಳುವುದಿಲ್ಲ. ಪ್ರತಿ ಪರಮಾಣುವಿನ ಪ್ರತಿ ನಿರ್ದೇಶಾಂಕಕ್ಕೆ 4 ಬೈಟ್. ಎಕ್ಸ್, ವೈ, ಝಡ್ ಎಂಬ ಮೂರು ದಾಖಲೆಗಳಲ್ಲಿ ಪ್ರತಿಯೊಂದರ ಹಿಂದೆ ಮುಂದೆ ಸೇರಿ 8 ಬೈಟ್. ಸಿಮ್ಯುಲೇಷನ್ ನಡೆಯುವ ಪೆಟ್ಟಿಗೆಯ ಅಳತೆಗೆ 56. ಯಾವ ಪರಮಾಣುವನ್ನೂ ಅಲುಗದಂತೆ ಕಟ್ಟಿಹಾಕಿಲ್ಲದಿದ್ದರೆ, 50,000 ಪರಮಾಣುಗಳ ಒಂದು ಫ್ರೇಮಿಗೆ 6,00,080 ಬೈಟ್. ಹೆಡರ್ ಬಿಟ್ಟು ಉಳಿದ ಗಾತ್ರವನ್ನು ಇದರಿಂದ ಭಾಗಿಸಿದಾಗ ಶೇಷ ಉಳಿದರೆ ಕೊನೆಯ ಫ್ರೇಮ್ ಅರ್ಧಕ್ಕೆ ಕತ್ತರಿಸಿಹೋಗಿದೆ ಎಂದರ್ಥ. ಇಷ್ಟನ್ನು ತಿಳಿಯಲು ಒಂದು ಫ್ರೇಮನ್ನೂ ಓದಬೇಕಾಗಿಲ್ಲ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಸಮಯದ ವಿಷಯದಲ್ಲಿ ಸರಾಸರಿಯನ್ನು ಬೇಕೆಂದೇ ಕೈಬಿಟ್ಟೆ. ಫ್ರೇಮುಗಳ ನಡುವಿನ ಸರಾಸರಿ ಅಂತರ 9.99 ಪಿಕೊಸೆಕೆಂಡ್ ಎಂದು ತೋರಿಸಿದರೆ ಯಾರೂ ಅನುಮಾನಪಡುವುದಿಲ್ಲ. ಅದರ ಬದಲು ‘ಅಂತರ 10, ಎರಡು ಕಡೆ 0’ ಎಂದು, ಆ ಫ್ರೇಮುಗಳ ಸಂಖ್ಯೆಯೊಂದಿಗೆ ಬರೆದರೆ, ಟ್ರಾಜೆಕ್ಟರಿಯ ತುಂಡುಗಳನ್ನು ಜೋಡಿಸಿದ ಕಡೆ ಒಂದೇ ಫ್ರೇಮ್ ಎರಡು ಬಾರಿ ಸೇರಿಕೊಂಡಿರುವುದು ತಕ್ಷಣ ಕಾಣುತ್ತದೆ.

ಎಕ್ಸ್‌ಟಿಸಿ ಎಂಬ ಇನ್ನೊಂದು ಬಗೆಯ ಟ್ರಾಜೆಕ್ಟರಿ ಫೈಲಿನಲ್ಲಿ ಪರಮಾಣುಗಳ ಹೆಸರೇ ಇರುವುದಿಲ್ಲ. ರಚನೆಯ ಫೈಲಿಗೂ ಅದಕ್ಕೂ ಪರಮಾಣುಗಳ ಸಂಖ್ಯೆ ಸರಿಹೊಂದಿದ ಮಾತ್ರಕ್ಕೆ ಕ್ರಮವೂ ಸರಿಹೊಂದಿದೆ ಎನ್ನಲಾಗದು. ಹಾಗಾಗಿ ಮೊದಲ ಫ್ರೇಮಿನಲ್ಲಿ ಬಂಧಗಳ ಉದ್ದ ನೋಡುತ್ತೇನೆ. ಪೆಟ್ಟಿಗೆಯ ಅಂಚು ದಾಟಿ ಎದುರು ಬದಿಯಿಂದ ಒಳಬರುವ ಅಣುಗಳಲ್ಲೂ ಬಂಧ ಉದ್ದವಾಗಿ ಕಾಣುವುದರಿಂದ, ಪರಮಾಣುವಿನ ಅತಿ ಹತ್ತಿರದ ಪ್ರತಿಬಿಂಬವನ್ನು (ಪಕ್ಕದ ಪೆಟ್ಟಿಗೆಯಲ್ಲಿನ ನಕಲನ್ನು) ಹಿಡಿದು ಮತ್ತೊಮ್ಮೆ ಅಳೆಯಬೇಕು. ಆಗಲೂ ಉದ್ದವೇ ಬಂದರೆ ಎರಡೂ ಫೈಲುಗಳು ಒಂದೇ ಸಿಮ್ಯುಲೇಷನ್‌ಗೆ ಸೇರಿದವಲ್ಲ, ಇಲ್ಲವೇ ಪರಮಾಣುಗಳ ಕ್ರಮ ಬದಲಾಗಿದೆ.

ಎಲ್ಲವನ್ನೂ ಒಮ್ಮೆಗೇ ಮೆಮೊರಿಗೆ ತುಂಬಿಕೊಳ್ಳುವುದು ಬೇಡ. ಒಂದು ಲಕ್ಷ ಪರಮಾಣುಗಳ ಹತ್ತು ಸಾವಿರ ಫ್ರೇಮ್ ಎಂದರೆ 12 ಗಿಗಾಬೈಟ್. ಒಂದೊಂದೇ ಫ್ರೇಮ್ ಓದಿ ಬಿಟ್ಟರೆ ಸಾಕು.

ಸಾರಾಂಶದಲ್ಲಿ ಆರ್‌ಎಂಎಸ್‌ಡಿ (ಎರಡು ರಚನೆಗಳ ನಡುವೆ ಪರಮಾಣುಗಳು ಸರಾಸರಿ ಎಷ್ಟು ಸರಿದಿವೆ ಎಂಬ ಅಳತೆ) ಏಕಿಲ್ಲ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಯಾವ ಪರಮಾಣುಗಳ ಮೇಲೆ ಹೊಂದಿಸಿದೆವು, ಯಾವ ಫ್ರೇಮಿಗೆ ಹೋಲಿಸಿದೆವು ಎಂಬುದರ ಮೇಲೆ ಅದು ಬದಲಾಗುತ್ತದೆ. ಪುಟದಲ್ಲಿ ಒಂದು ಅಂಕಿ ಇದ್ದರೆ ಜನ ಅದನ್ನೇ ತೀರ್ಪು ಎಂದುಕೊಳ್ಳುತ್ತಾರೆ. ಅದನ್ನು ಸೇರಿಸಲು ನಾನು ಇಂದಿಗೂ ಒಪ್ಪಿಲ್ಲ.

ಅವರು ಕೇಳಿದ ಇನ್ನೊಂದನ್ನು ಮಾತ್ರ ಸಂತೋಷದಿಂದ ಸೇರಿಸಿದೆ. ಹಿಸ್ಟಿಡಿನ್‌ನ (ಇದೂ ಒಂದು ಅಮೈನೊ ಆಮ್ಲ) ರೂಪಗಳಿಗೆ ಆಂಬರ್ ಎಂಬ ಸಿಮ್ಯುಲೇಷನ್ ತಂತ್ರಾಂಶ ಒಂದು ಬಗೆಯ ಹೆಸರು ಕೊಟ್ಟರೆ ಚಾರ್ಮ್ ಎಂಬುದು ಇನ್ನೊಂದು ಬಗೆಯ ಹೆಸರು ಕೊಡುತ್ತದೆ. ಈಗ ಪ್ರೋಗ್ರಾಮ್ ಹೆಸರನ್ನು ಬದಿಗಿಟ್ಟು, ಹೈಡ್ರೋಜನ್ ಯಾವ ಸಾರಜನಕದ ಮೇಲಿದೆ ಎಂದು ನೋಡಿಯೇ ಬರೆಯುತ್ತದೆ. ಲೈಸೊಜೈಮ್‌ನಲ್ಲಿರುವುದು ಒಂದೇ ಹಿಸ್ಟಿಡಿನ್, ಸಂಖ್ಯೆ 15. ಅದಕ್ಕೆ ಒಂದು ಸಾಲು ಸಾಕಾಗುತ್ತದೆ.