ಬಿಳಿಯೂ ಅಲ್ಲ, ಕಪ್ಪೂ ಅಲ್ಲ

ಮೆಣಸು ಕೊಯ್ಲು ಶುರುವಾಯಿತೆಂದರೆ ಸಕಲೇಶಪುರ, ಬೇಲೂರು ಕಡೆಯಿಂದ ಹಾಸನಕ್ಕೆ ಏಣಿಯಿಂದ ಬಿದ್ದವರು ಬರತೊಡಗುತ್ತಾರೆ. ಬೈಕಿನಿಂದ ಬೀಳುವವರಿಗಂತೂ ಕಾಲವೇ ಇಲ್ಲ. ರೇಡಿಯಾಲಜಿಸ್ಟ್ ಆದ ನನಗೆ ಇಂಥವರ ತಲೆಯ ಸಿಟಿ ಸ್ಕ್ಯಾನ್ ಓದುವುದು ಕಷ್ಟವೇನಲ್ಲ. ಸ್ಕ್ಯಾನಿನಲ್ಲಿ ಯಾವುದು ಎಷ್ಟು ಬೆಳ್ಳಗೆ ಕಾಣುತ್ತದೆ ಎಂದು ಹೇಳುವ ಹೌನ್ಸ್‌ಫೀಲ್ಡ್ ಅಳತೆಯಲ್ಲಿ ನೀರು 0, ಮಿದುಳು ಸುಮಾರು 30–40; ಹೊಸದಾಗಿ ಹೆಪ್ಪುಗಟ್ಟಿದ ರಕ್ತ 60ರ ಆಚೆ ಹೋಗಿ ಬೆಳ್ಳಗೆ ಎದ್ದು ಕಾಣುತ್ತದೆ. ಬುರುಡೆಯ ಮೂಳೆಗಳು ಕೂಡುವ ಹೊಲಿಗೆ ದಾಟದೆ ಮಸೂರದಂತೆ ಎರಡೂ ಬದಿ ಉಬ್ಬಿ ನಿಂತಿದ್ದರೆ ಎಕ್ಸ್‌ಟ್ರಾಡ್ಯೂರಲ್, ಅಂದರೆ ಮಿದುಳಿನ ಹೊರಪೊರೆಯ ಆಚೆಗಿನ ರಕ್ತ; ಕುಡುಗೋಲಿನಂತೆ ಬಾಗಿ ಹರಡಿದ್ದರೆ ಸಬ್‌ಡ್ಯೂರಲ್, ಆ ಪೊರೆಯ ಒಳಗಿನದು. ಎಕ್ಸ್‌ಟ್ರಾಡ್ಯೂರಲ್ ಆದವರು ಚೆನ್ನಾಗಿ ಮಾತಾಡುತ್ತಲೇ ಬಂದು ಆಮೇಲೆ ಪ್ರಜ್ಞೆ ತಪ್ಪಬಹುದು. ಹಾಗಾಗಿ ರಿಪೋರ್ಟ್ ಟೈಪಾಗುವವರೆಗೆ ಕಾಯದೆ ಫೋನ್ ಎತ್ತಿಬಿಡುತ್ತೇನೆ.

ತಲೆ ತಿನ್ನುವುದು ಇನ್ನೊಂದು ಬಗೆ. ಎಪ್ಪತ್ತು ದಾಟಿದ ಅಜ್ಜ, ಕೆಲವು ದಿನಗಳಿಂದ ಮಂಕು, ನಡೆಯುವಾಗ ಒಂದು ಕಡೆ ವಾಲುತ್ತಾರೆ. "ವಯಸ್ಸಾಯ್ತಲ್ಲ ಸಾರ್, ಅರಳು ಮರಳು" ಅನ್ನುತ್ತಾರೆ ಮನೆಯವರು. ಬಿದ್ದಿದ್ರಾ ಅಂದರೆ ಇಲ್ಲ. ಬಚ್ಚಲಲ್ಲಿ ಜಾರಿದ್ದು, ಬಾಗಿಲಿಗೆ ತಲೆ ತಾಗಿದ್ದು ಏನಾದರೂ ಉಂಟಾ ಎಂದು ಬಿಡಿಸಿ ಕೇಳಿದರೆ ಸೊಸೆಗೆ ನೆನಪಾಗುತ್ತದೆ: "ಹೂಂ ಸಾರ್, ಹಬ್ಬದ ಹಿಂದಿನ ದಿನ. ಆದ್ರೆ ಗಾಯ ಏನೂ ಆಗ್ಲಿಲ್ಲ." ವಯಸ್ಸಾದಂತೆ ಮಿದುಳು ಕುಗ್ಗಿ, ಅದನ್ನೂ ಹೊರಪೊರೆಯನ್ನೂ ಸೇರಿಸುವ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ಅವು ಹರಿದು ಸಬ್‌ಡ್ಯೂರಲ್ ಆಗಲು ಸಣ್ಣ ಪೆಟ್ಟೇ ಸಾಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಕೇಳುವುದೇ ಬೇಡ.

ಒಂದರಿಂದ ಮೂರು ವಾರದೊಳಗೆ ಈ ರಕ್ತ ಬಿಳುಪು ಕಳೆದುಕೊಂಡು ಮಿದುಳಿನ ಬಣ್ಣಕ್ಕೇ ಇಳಿಯುತ್ತದೆ; ಮುಂದೆ ಕಪ್ಪಾದಾಗ ಮತ್ತೆ ಸುಲಭ. ಈ ನಡುವಿನ ದಿನಗಳಲ್ಲಿ ನಾನು ರಕ್ತ ಹುಡುಕುವುದಿಲ್ಲ, ಅದು ಒತ್ತಿದ್ದನ್ನು ಹುಡುಕುತ್ತೇನೆ. ಮಿದುಳಿನ ಮಡಿಕೆಗಳ ಸಂದು ಬುರುಡೆಯವರೆಗೆ ಬಂದಿದೆಯೇ? ಬೂದು ಭಾಗಕ್ಕೂ ಬಿಳಿ ಭಾಗಕ್ಕೂ ನಡುವಿನ ಗಡಿ ಒಳಕ್ಕೆ ಸರಿದಿದೆಯೇ? ಚಿತ್ರದ ಕಪ್ಪು-ಬಿಳುಪಿನ ಹರವು (ವಿಂಡೋ) ಬದಲಿಸಿ, ತಲೆಯನ್ನು ಮುಂದಿನಿಂದ ನೋಡಿದಂತೆ ತೋರಿಸುವ ಕರೋನಲ್ ಚಿತ್ರಗಳನ್ನೂ ತಿರುವುತ್ತೇನೆ. ಎರಡೂ ಕಡೆ ರಕ್ತ ಸಮನಾಗಿ ತುಂಬಿದ್ದರೆ ಮಿದುಳಿನ ಎಡಬಲ ಭಾಗಗಳ ನಡುಗೆರೆ ಅಲುಗುವುದೇ ಇಲ್ಲ. ಎಂಬತ್ತರ ಅಜ್ಜಿಗೆ ಇಪ್ಪತ್ತರವರ ತುಂಬು ಮಿದುಳು ಕಂಡರೆ ಖುಷಿಪಡಬಾರದು, ಗುಮಾನಿ ಪಡಬೇಕು. ಹಿಮೋಗ್ಲೋಬಿನ್ ತೀರಾ ಕಡಿಮೆ ಇದ್ದವರಲ್ಲಿ ಹೊಸ ರಕ್ತವೂ ಮಂಕಾಗಿಯೇ ಕಾಣುತ್ತದೆ, ಅದಕ್ಕೇ ರಕ್ತಪರೀಕ್ಷೆಯ ಚೀಟಿಯನ್ನೂ ಕೇಳಿ ನೋಡುತ್ತೇನೆ.

ರಿಪೋರ್ಟಿನಲ್ಲಿ ದಪ್ಪ ಎಷ್ಟು ಮಿಲಿಮೀಟರ್, ನಡುಗೆರೆ ಎಷ್ಟು ಸರಿದಿದೆ ಎಂದು ಬರೆಯಲೇಬೇಕು. ಹೊಸ ಸಬ್‌ಡ್ಯೂರಲ್ 10 ಮಿ.ಮೀ. ಮೀರಿದರೆ ಅಥವಾ ನಡುಗೆರೆ 5 ಮಿ.ಮೀ.ಗಿಂತ ಹೆಚ್ಚು ಸರಿದರೆ ಸಾಮಾನ್ಯವಾಗಿ ಆಪರೇಷನ್. ಹಳೆಯದರಲ್ಲಿ ಅಂಕಿಗಿಂತ ಕೈಕಾಲಿನ ಬಲ, ಎಚ್ಚರದ ಸ್ಥಿತಿಗೇ ಹೆಚ್ಚು ತೂಕ. ಬುರುಡೆಗೆ ಸಣ್ಣ ತೂತು ಕೊರೆದು ಕರಗಿದ ರಕ್ತ ಹೊರತೆಗೆದರೆ ಹಲವರು ಬೇಗನೆ ಚೇತರಿಸಿಕೊಳ್ಳುತ್ತಾರೆ.

ಆಪರೇಷನ್ ನಂತರದ ಸ್ಕ್ಯಾನಿನಲ್ಲಿ ಸ್ವಲ್ಪ ದ್ರವ, ಗಾಳಿ ಉಳಿದಿರುವುದು ಮಾಮೂಲು. ರಿಪೋರ್ಟ್ ಓದಿದ ಮಗ ಗಾಬರಿಯಿಂದ ಫೋನ್ ಮಾಡುತ್ತಾನೆ. ಅಜ್ಜ ಎದ್ದು ಓಡಾಡುತ್ತಿದ್ದಾರಾ, ಊಟ ಕೇಳುತ್ತಿದ್ದಾರಾ ಎಂದು ಮೊದಲು ವಿಚಾರಿಸುತ್ತೇನೆ. ಹೌದಾದರೆ ಅಷ್ಟು ಉಳಿಕೆಗೆ ಮತ್ತೆ ತೂತು ಕೊರೆಯುವವರಿಲ್ಲ. ತಲೆನೋವು, ಮಂಕು ಮರಳಿದರೆ ತಕ್ಷಣ ಇನ್ನೊಂದು ಸ್ಕ್ಯಾನ್. ಹೃದಯಕ್ಕೆಂದು ನುಂಗುತ್ತಿದ್ದು ಈಗ ನಿಲ್ಲಿಸಿದ ರಕ್ತ ತೆಳುವಾಗಿಸುವ ಮಾತ್ರೆ ಮತ್ತೆ ಯಾವಾಗ ಶುರು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ, ಅದನ್ನು ನ್ಯೂರೋಸರ್ಜನ್ ಮತ್ತು ಹೃದಯದ ಡಾಕ್ಟರು ಮಾತಾಡಿಕೊಂಡೇ ಹೇಳಬೇಕು.