ಬ್ರಿಟನ್ನಿನಲ್ಲಿ ಉಳಿತಾಯದ ಬಡ್ಡಿಗೆ ತೆರಿಗೆ: ಲೆಕ್ಕ ಹಾಕುವುದು, ತಿಳಿಸುವುದು, ಕಟ್ಟುವುದು

ಬ್ರಿಟನ್ನಿನ ಬ್ಯಾಂಕುಗಳು ಉಳಿತಾಯದ ಬಡ್ಡಿಯಲ್ಲಿ ತೆರಿಗೆ ಮುರಿದುಕೊಳ್ಳುವುದಿಲ್ಲ. 2016ರ ಏಪ್ರಿಲ್ 6ಕ್ಕಿಂತ ಮೊದಲು 20% ಹಿಡಿದುಕೊಂಡೇ ಕೊಡುತ್ತಿದ್ದರು, ಆಮೇಲೆ ಆ ಪದ್ಧತಿ ನಿಂತುಹೋಯಿತು. ಭಾರತದ ಟಿಡಿಎಸ್ ಅಭ್ಯಾಸ ಆಗಿರುವವರು ಇಲ್ಲೇ ಎಡವುತ್ತಾರೆ. ಬಡ್ಡಿ ಪೂರ್ತಿ ಖಾತೆಗೆ ಬಂದಿದೆ ಅಂದರೆ ತೆರಿಗೆ ಕೆಲಸ ಮುಗಿದಿದೆ ಅಂತ ಅಲ್ಲ, ಇನ್ನೂ ಶುರುವೇ ಆಗಿಲ್ಲ ಅಂತ. ಬಡ್ಡಿ ದರ ಅರ್ಧ ಪರ್ಸೆಂಟ್ ಇದ್ದಾಗ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. 4% ಸಿಗುವ ಖಾತೆಯಲ್ಲಿ 25,000 ಪೌಂಡ್ ಇಟ್ಟರೆ ವರ್ಷಕ್ಕೆ 1,000 ಪೌಂಡ್ ಬಡ್ಡಿ ಬರುತ್ತದೆ, ಅಲ್ಲಿಗೆ ಹೆಚ್ಚಿನವರ ವಿನಾಯಿತಿ ಮುಗಿಯಿತು.

ಮೊದಲ ಕೆಲಸ, ನಿಮ್ಮ ಬಡ್ಡಿಯನ್ನು ನೀವೇ ಕೂಡಿಸುವುದು. ಇಲ್ಲಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ಆ ಅವಧಿಯಲ್ಲಿ ಖಾತೆಗೆ ಜಮಾ ಆದ ಬಡ್ಡಿ ಮಾತ್ರ ಲೆಕ್ಕಕ್ಕೆ. ಬ್ಯಾಂಕಿನ ಆ್ಯಪಿನಲ್ಲಿ ವಾರ್ಷಿಕ ಬಡ್ಡಿಯ ಸ್ಟೇಟ್‌ಮೆಂಟ್ ಇರುತ್ತದೆ, ಏಪ್ರಿಲ್ ಕೊನೆಯ ಹೊತ್ತಿಗೆ ಎಲ್ಲ ಖಾತೆಗಳದ್ದೂ ಇಳಿಸಿಟ್ಟುಕೊಳ್ಳಿ. ಬಿಲ್ಡಿಂಗ್ ಸೊಸೈಟಿ, ಕ್ರೆಡಿಟ್ ಯೂನಿಯನ್ (ಎರಡೂ ಸದಸ್ಯರದ್ದೇ ಉಳಿತಾಯ ಸಂಸ್ಥೆಗಳು), ಷೇರು ಆ್ಯಪಿನಲ್ಲಿ ಸುಮ್ನೆ ಬಿದ್ದಿರುವ ಹಣಕ್ಕೆ ಕೊಡುವ ಬಡ್ಡಿ, ಎಲ್ಲವೂ ಸೇರುತ್ತದೆ. ಐಸಾ ಎಂಬ ತೆರಿಗೆ ಇಲ್ಲದ ಉಳಿತಾಯ ಖಾತೆಯ ಬಡ್ಡಿ ಸೇರುವುದಿಲ್ಲ, ಬಡ್ಡಿಯ ಬದಲು ಚೀಟಿ ಎತ್ತಿ ಬಹುಮಾನ ಕೊಡುವ ಸರ್ಕಾರಿ ಪ್ರೀಮಿಯಂ ಬಾಂಡ್‌ನ ಬಹುಮಾನವೂ ಸೇರುವುದಿಲ್ಲ, ಅವನ್ನು ಎಲ್ಲಿಯೂ ಹೇಳಬೇಕಾಗಿಲ್ಲ. ಜಂಟಿ ಖಾತೆಯಾದರೆ ಸಾಮಾನ್ಯವಾಗಿ ಅರ್ಧ ನಿಮ್ಮದು, ಅರ್ಧ ಇನ್ನೊಬ್ಬರದು. ಮಗುವಿನ ಹೆಸರಿನಲ್ಲಿ ಅಪ್ಪ ಅಥವಾ ಅಮ್ಮ ಇಟ್ಟ ಹಣದಿಂದ ವರ್ಷಕ್ಕೆ 100 ಪೌಂಡ್‌ಗಿಂತ ಜಾಸ್ತಿ ಬಡ್ಡಿ ಬಂದರೆ ಅಷ್ಟೂ ಬಡ್ಡಿ ಹಣ ಕೊಟ್ಟವರ ಲೆಕ್ಕಕ್ಕೇ ಬರುತ್ತದೆ. ಅಜ್ಜಿ ತಾತ ಕೊಟ್ಟದ್ದಕ್ಕೆ ಈ ನಿಯಮ ಇಲ್ಲ.

ಎರಡು ಮೂರು ವರ್ಷದ ಫಿಕ್ಸೆಡ್ ಬಾಂಡ್ (ಭಾರತದ ಎಫ್‌ಡಿಯಂಥದ್ದು) ಇಟ್ಟವರು ಸ್ವಲ್ಪ ಹುಷಾರಾಗಿರಬೇಕು. ಬಡ್ಡಿ ಕೊನೆಯಲ್ಲೇ ಕೈಗೆ ಸಿಗುವುದಾದರೆ ಮೂರೂ ವರ್ಷದ್ದು ಒಂದೇ ತೆರಿಗೆ ವರ್ಷಕ್ಕೆ ಬೀಳುತ್ತದೆ. ಹಿಂದಿನ ಎರಡು ವರ್ಷದ ವಿನಾಯಿತಿ ಬಳಕೆಯಾಗದೆ ಹೋಗುತ್ತದೆ. ವರ್ಷ ವರ್ಷ ಬಡ್ಡಿ ಹೊರಗಿನ ಖಾತೆಗೆ ಬರುವ ಆಯ್ಕೆ ಇದ್ದರೆ ಅದನ್ನೇ ಹಿಡಿಯಿರಿ.

ಈಗ ವಿನಾಯಿತಿ. ಪರ್ಸನಲ್ ಸೇವಿಂಗ್ಸ್ ಅಲವೆನ್ಸ್ ಅಂತ ಒಂದಿದೆ. ಒಟ್ಟು ಆದಾಯ 50,270 ಪೌಂಡ್ ಒಳಗಿದ್ದು 20% ದರದಲ್ಲಿರುವವರಿಗೆ 1,000 ಪೌಂಡ್ ಬಡ್ಡಿಗೆ ತೆರಿಗೆ ಇಲ್ಲ. 40% ದರಕ್ಕೆ ಹೋದವರಿಗೆ 500 ಪೌಂಡ್. 125,140 ದಾಟಿ 45% ದರದಲ್ಲಿರುವವರಿಗೆ ಏನೂ ಇಲ್ಲ. ಸ್ಕಾಟ್‌ಲೆಂಡಿನಲ್ಲಿ ಸಂಬಳಕ್ಕೆ ಬೇರೆ ದರ ಇದ್ದರೂ ಬಡ್ಡಿಗೆ ಮಾತ್ರ ಬ್ರಿಟನ್ನಿನ ಈ ಸಾಮಾನ್ಯ ಮಿತಿಗಳೇ ಅನ್ವಯ.

ಕಡಿಮೆ ಆದಾಯ ಇರುವವರಿಗೆ ಇನ್ನೊಂದು ಅನುಕೂಲ ಇದೆ, ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಸಂಬಳ, ಪಿಂಚಣಿ, ಬಾಡಿಗೆ ಎಲ್ಲ ಸೇರಿ 17,570 ಪೌಂಡ್‌ಗಿಂತ ಕಡಿಮೆ ಇದ್ದರೆ 5,000 ಪೌಂಡ್‌ವರೆಗಿನ ಬಡ್ಡಿಗೆ ಸೊನ್ನೆ ದರ ಸಿಗಬಹುದು. ಆದಾಯದಲ್ಲಿ ತೆರಿಗೆ ಬೀಳದ ಮೊದಲ 12,570 ಪೌಂಡ್‌ಗೆ ಪರ್ಸನಲ್ ಅಲವೆನ್ಸ್ ಅನ್ನುತ್ತಾರೆ, ಆದಾಯ ಅದಕ್ಕಿಂತ ಎಷ್ಟು ಪೌಂಡ್ ಜಾಸ್ತಿಯೋ ಅಷ್ಟು ಪೌಂಡ್ ಈ 5,000ದಲ್ಲಿ ಕಡಿಮೆಯಾಗುತ್ತದೆ. 15,000 ಪೌಂಡ್ ಪಿಂಚಣಿ ಬರುವವರಿಗೆ ಇದರಲ್ಲಿ 2,570 ಉಳಿಯುತ್ತದೆ, ಸೇವಿಂಗ್ಸ್ ಅಲವೆನ್ಸಿನ 1,000 ಸೇರಿಸಿದರೆ 3,570 ಪೌಂಡ್ ಬಡ್ಡಿಗೆ ತೆರಿಗೆ ಇಲ್ಲ. ಕೆಲಸಕ್ಕೆ ಹೋಗದ ಗಂಡನೋ ಹೆಂಡತಿಯೋ ಇದ್ದು ಅವರಿಗೆ ಬೇರೆ ಆದಾಯವೇ ಇಲ್ಲದಿದ್ದರೆ 18,570 ಪೌಂಡ್ ಬಡ್ಡಿಯವರೆಗೂ ಸೊನ್ನೆ. ಉಳಿತಾಯ ಯಾರ ಹೆಸರಿನಲ್ಲಿ ಇರಬೇಕು ಅಂತ ಮನೆಯಲ್ಲಿ ಕೂತು ಮಾತಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಸಾಮಾನ್ಯ ಉದಾಹರಣೆ ಸುಲಭ. ಸಂಬಳ 45,000, ಬಡ್ಡಿ 1,400. ಸಾವಿರ ಕಳೆದು 400ಕ್ಕೆ 20%, ಅಂದರೆ 80 ಪೌಂಡ್. ಕಷ್ಟ ಇರುವುದು 50,270ರ ಅಂಚಿನಲ್ಲಿ ನಿಂತಿರುವವರಿಗೆ. ಸಂಬಳ 49,800, ಬಡ್ಡಿ 900 ಅಂದುಕೊಳ್ಳಿ. ಬಡ್ಡಿ ಸಾವಿರದೊಳಗಿದೆ, ತೆರಿಗೆ ಇಲ್ಲ ಅಂತ ಅನಿಸುತ್ತದೆ, ಅಲ್ವಾ? ಆದರೆ ಬಡ್ಡಿಯೂ ಆದಾಯವೇ, ಅದು ಸಂಬಳದ ಮೇಲೆ ಕೂರುತ್ತದೆ. ಒಟ್ಟು 50,700 ಆಗಿ ನೀವು 40% ದರದವರಾದಿರಿ, ಅಲವೆನ್ಸ್ 500ಕ್ಕೆ ಇಳಿಯಿತು. ಉಳಿದ 400ಕ್ಕೆ 40% ಅಂದರೆ 160 ಪೌಂಡ್. ಇಂಥವರು ಏಪ್ರಿಲ್ 5ರೊಳಗೆ ಖಾಸಗಿ ಪೆನ್ಷನ್‌ಗೆ 400 ಪೌಂಡ್ ಹಾಕಿದರೆ ಸರ್ಕಾರದ 100 ಸೇರಿ 500 ಆಗುತ್ತದೆ, 20% ದರದ ಮಿತಿಯೂ ಅಷ್ಟೇ ಮೇಲಕ್ಕೆ ಹೋಗುತ್ತದೆ, ಆ 160 ಪೌಂಡ್ ಪೂರ್ತಿ ಉಳಿಯುತ್ತದೆ. ಹಣ ಪೆನ್ಷನ್ನಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ನಿಜ, ಆದರೂ ನನ್ನ ಪ್ರಕಾರ ಲಾಭದ ವ್ಯವಹಾರವೇ.

ತಿಳಿಸುವುದು ಹೇಗೆ ಎಂಬುದು ನಿಮ್ಮ ಪರಿಸ್ಥಿತಿ ನೋಡಿಕೊಂಡು. ಕೆಲಸದಲ್ಲಿದ್ದು ಅಥವಾ ಪಿಂಚಣಿ ಪಡೆಯುತ್ತಿದ್ದು ಸೆಲ್ಫ್ ಅಸೆಸ್‌ಮೆಂಟ್ (ನೀವೇ ತೆರಿಗೆ ರಿಟರ್ನ್ ಸಲ್ಲಿಸುವುದು) ಮಾಡದವರಿಗೆ ಹೆಚ್ಚಿನ ಕೆಲಸ ಇಲ್ಲ. ಇಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಗೆ ಬ್ಯಾಂಕುಗಳೇ ವರ್ಷದ ಬಡ್ಡಿ ಎಷ್ಟೆಂದು ಕಳುಹಿಸುತ್ತವೆ, ಅದನ್ನು ನೋಡಿ ಇಲಾಖೆ ನಿಮ್ಮ ಟ್ಯಾಕ್ಸ್ ಕೋಡ್ (ಸಂಬಳದಲ್ಲಿ ಎಷ್ಟಕ್ಕೆ ತೆರಿಗೆ ಇಲ್ಲ ಎಂದು ಹೇಳುವ ಸಂಕೇತ) ಬದಲಿಸುತ್ತದೆ. ಮೇಲೆ ಹೇಳಿದ 45,000 ಸಂಬಳದ ಉದಾಹರಣೆಯಲ್ಲಿ 400 ಪೌಂಡ್ ಕಳೆದು 1257ಎಲ್ ಇದ್ದದ್ದು 1217ಎಲ್ ಆಗಿ ತೆರಿಗೆ ತಿಂಗಳು ತಿಂಗಳು ಸಂಬಳದಲ್ಲೇ ಕಡಿತವಾಗುತ್ತದೆ. ಆದರೆ ಇಲಾಖೆ ಈ ವರ್ಷದ ಬಡ್ಡಿಯನ್ನು ಹಿಂದಿನ ವರ್ಷದ ಲೆಕ್ಕ ನೋಡಿ ಊಹಿಸುತ್ತದೆ. ಉಳಿಸಿದ ಹಣವನ್ನೆಲ್ಲ ಮನೆ ಡಿಪಾಸಿಟ್‌ಗೆ ಕೊಟ್ಟು ಖಾತೆ ಖಾಲಿಯಾಗಿದ್ದರೂ ಅವರ ಊಹೆಯಲ್ಲಿ ನಿಮಗೆ ಇನ್ನೂ ಬಡ್ಡಿ ಬರುತ್ತಲೇ ಇರುತ್ತದೆ! ಎಚ್‌ಎಂಆರ್‌ಸಿ ಆ್ಯಪ್ ಅಥವಾ ಪರ್ಸನಲ್ ಟ್ಯಾಕ್ಸ್ ಅಕೌಂಟಿಗೆ ಹೋಗಿ, ಅಲ್ಲಿ ತೋರಿಸುವ ಮೊತ್ತವನ್ನು ನಿಮ್ಮ ಮೊತ್ತದ ಜೊತೆ ಹೋಲಿಸಿ, ತಪ್ಪಿದ್ದರೆ ತಿದ್ದಿಸಿ. ಕೋಡ್ ಮೂಲಕ ಹಿಡಿಯಲಾಗದಿದ್ದರೆ ಎಷ್ಟು ತೆರಿಗೆ ಬಾಕಿ ಎಂದು ಇಲಾಖೆಯೇ ಲೆಕ್ಕ ಹಾಕಿ ಕಳಿಸುವ ಪಿ800 ಅಥವಾ ಸಿಂಪಲ್ ಅಸೆಸ್‌ಮೆಂಟ್ ಪತ್ರ ಬರುತ್ತದೆ. ಯಾವ ಪತ್ರವೂ ಬಾರದೆ, ನೀವು ತೆರಿಗೆ ಕೊಡಬೇಕಾಗಿದೆ ಅಂತ ನಿಮಗೇ ಗೊತ್ತಿದ್ದರೆ ಸುಮ್ಮನೆ ಕೂರುವಂತಿಲ್ಲ, ನೀವೇ ತಿಳಿಸಬೇಕು.

ಉಳಿತಾಯ ಮತ್ತು ಹೂಡಿಕೆಯ ಆದಾಯ 10,000 ಪೌಂಡ್ ದಾಟಿದರೆ ಸೆಲ್ಫ್ ಅಸೆಸ್‌ಮೆಂಟ್ ಕಡ್ಡಾಯ. ತೆರಿಗೆ ವರ್ಷ ಮುಗಿದ ಮೇಲೆ ಬರುವ ಅಕ್ಟೋಬರ್ 5ರೊಳಗೆ ನೋಂದಣಿ, ಕಾಗದದ ಫಾರಂ ಆದರೆ ಅಕ್ಟೋಬರ್ 31, ಆನ್‌ಲೈನ್ ಆದರೆ ಮುಂದಿನ ಜನವರಿ 31. ಒಂದು ದಿನ ತಡವಾದರೂ 100 ಪೌಂಡ್ ದಂಡ. ರಿಟರ್ನ್‌ನಲ್ಲಿ ಬ್ರಿಟನ್ನಿನ ಬಡ್ಡಿಗೆ ಎರಡು ಬಾಕ್ಸ್ ಇವೆ, ತೆರಿಗೆ ಹಿಡಿದದ್ದು ಒಂದು, ಹಿಡಿಯದ್ದು ಇನ್ನೊಂದು. ಬ್ಯಾಂಕ್ ಬಡ್ಡಿ ಎರಡನೆಯದರಲ್ಲಿ ಹೋಗಬೇಕು, ಮತ್ತು ಪೂರ್ತಿ ಮೊತ್ತ ಹೋಗಬೇಕು. ಅಲವೆನ್ಸನ್ನು ನೀವೇ ಕಳೆದು ಬರೆಯಬೇಡಿ, ಅದನ್ನು ಅವರ ಲೆಕ್ಕವೇ ಕಳೆಯುತ್ತದೆ.

ಭಾರತದಲ್ಲಿ ಖಾತೆ ಇಟ್ಟಿರುವವರು ಇದನ್ನು ನಿಧಾನವಾಗಿ ಓದಿ. ಎನ್‌ಆರ್‌ಇ (ವಿದೇಶದಲ್ಲಿ ದುಡಿದ ಹಣ ಇಡುವ ಎನ್‌ಆರ್‌ಐ ಖಾತೆ) ಡಿಪಾಸಿಟ್ ಬಡ್ಡಿಗೆ ತೆರಿಗೆ ಇಲ್ಲ ಎನ್ನುವುದು ಭಾರತದ ನಿಯಮ. ಬ್ರಿಟನ್ನಿನ ತೆರಿಗೆ ನಿವಾಸಿಯಾದವರಿಗೆ ಅದು ಇಲ್ಲಿ ತೆರಿಗೆ ಬೀಳುವ ಆದಾಯ, ಹಣ ಇಲ್ಲಿಗೆ ತರದಿದ್ದರೂ. ತರದ ಹಣಕ್ಕೆ ತೆರಿಗೆ ಇಲ್ಲ ಎಂಬ ಹಳೆಯ ಪದ್ಧತಿ 2025ರ ಏಪ್ರಿಲ್ 6ಕ್ಕೆ ಕೊನೆಯಾಯಿತು. ಇಲ್ಲಿಗೆ ಬರುವ ಮೊದಲು ಸತತ 10 ತೆರಿಗೆ ವರ್ಷ ಇಲ್ಲಿನ ನಿವಾಸಿಯಾಗಿಲ್ಲದೆ ಹೊಸದಾಗಿ ಬಂದವರಿಗೆ ಮೊದಲ 4 ವರ್ಷ ವಿದೇಶಿ ಆದಾಯಕ್ಕೆ ವಿನಾಯಿತಿ ಕೇಳಲು ಅವಕಾಶ ಇದೆ. ಕೇಳಿದರೆ 12,570ರ ಪರ್ಸನಲ್ ಅಲವೆನ್ಸ್ ಹೋಗುತ್ತದೆ, ಸಾಧಾರಣ ಸಂಬಳದವರಿಗೆ ಅದೇ 2,514 ಪೌಂಡ್ ಹೆಚ್ಚು ತೆರಿಗೆ. ಸಣ್ಣ ಡಿಪಾಸಿಟ್‌ಗೋಸ್ಕರ ಯಾರೂ ಅದನ್ನು ಮಾಡಬಾರದು. ಎನ್‌ಆರ್‌ಒ ಖಾತೆಯಲ್ಲಿ (ಎನ್‌ಆರ್‌ಐಗಳು ಭಾರತದಲ್ಲಿ ಬರುವ ಆದಾಯ ಇಡುವ ಖಾತೆ) ಭಾರತ 30% ಮತ್ತು ಸೆಸ್ ಹಿಡಿಯುತ್ತದೆ, ಆದರೆ ಎರಡು ದೇಶಗಳ ಒಪ್ಪಂದದ ಪ್ರಕಾರ ಮಿತಿ 15%. ಇಲ್ಲಿನ ತೆರಿಗೆಯಲ್ಲಿ ಕಳೆಯಲು ಬಿಡುವುದೂ ಹೆಚ್ಚೆಂದರೆ ಅಷ್ಟನ್ನೇ. ಹೆಚ್ಚುವರಿ ಹಿಡಿದದ್ದನ್ನು ಭಾರತದಲ್ಲೇ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬೇಕು. ಮುಚ್ಚಿಡಬಹುದು ಅಂದುಕೊಳ್ಳಬೇಡಿ, ಖಾತೆಗಳ ಮಾಹಿತಿಯನ್ನು ಎರಡೂ ಸರ್ಕಾರಗಳು ಹಂಚಿಕೊಳ್ಳುತ್ತವೆ.

ಇನ್ನು 2025ರ ನವೆಂಬರ್ ಬಜೆಟ್‌ನಲ್ಲಿ ಹೇಳಿರುವಂತೆ 2027ರ ಏಪ್ರಿಲ್‌ನಿಂದ ಬಡ್ಡಿಯ ಮೇಲಿನ ದರಗಳು 22, 42 ಮತ್ತು 47% ಆಗುತ್ತವೆ. ಐಸಾದ ವಾರ್ಷಿಕ ಮಿತಿ 20,000 ಪೌಂಡ್ ಹಾಗೇ ಇದ್ದರೂ, 65 ದಾಟದವರು ಅಂದಿನಿಂದ ಅದರಲ್ಲಿ 12,000 ಮಾತ್ರ ಕ್ಯಾಶ್ ಐಸಾಗೆ (ಷೇರಲ್ಲದೆ ನಗದು ಉಳಿತಾಯ ಇಡುವ ಐಸಾ) ಹಾಕಬಹುದು. ಜಾಗ ಇರುವಾಗಲೇ ತುಂಬಿಸಿಕೊಳ್ಳಿ.

ಕಟ್ಟುವಾಗ ಸೆಲ್ಫ್ ಅಸೆಸ್‌ಮೆಂಟ್ ಆದರೆ ನಿಮ್ಮ ಯುಟಿಆರ್ (ಇಲಾಖೆ ಕೊಡುವ ತೆರಿಗೆದಾರರ ಗುರುತಿನ) ಸಂಖ್ಯೆಯ ಕೊನೆಗೆ ಕೆ ಅಕ್ಷರ ಸೇರಿಸಿ ರೆಫರೆನ್ಸ್ ಕೊಡಿ. ಅದು ತಪ್ಪಿದರೆ ಹಣ ಹುಡುಕಿಸುವುದೇ ದೊಡ್ಡ ಕೆಲಸ. ಎಚ್‌ಎಂಆರ್‌ಸಿ ಆ್ಯಪಿನಿಂದ ನೇರವಾಗಿ ಕಟ್ಟಿದರೆ ಈ ತಲೆನೋವು ಕಡಿಮೆ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿ ಮಾತ್ರ ಕಟ್ಟಬೇಡಿ. ಬಾಕಿ 3,000 ಪೌಂಡ್‌ಗಿಂತ ಕಡಿಮೆ ಇದ್ದು, ಸಂಬಳವೋ ಪಿಂಚಣಿಯೋ ಬರುತ್ತಿದ್ದು, ಡಿಸೆಂಬರ್ 30ರೊಳಗೆ ಆನ್‌ಲೈನ್ ರಿಟರ್ನ್ ಕಳುಹಿಸಿದರೆ ಅದನ್ನು ಮುಂದಿನ ವರ್ಷದ ಟ್ಯಾಕ್ಸ್ ಕೋಡ್ ಮೂಲಕ ಕಂತಿನಲ್ಲಿ ಹಿಡಿಯಲು ಕೇಳಬಹುದು. ಬಿಲ್ 1,000 ಪೌಂಡ್ ದಾಟಿ, ವರ್ಷದ ಒಟ್ಟು ತೆರಿಗೆಯಲ್ಲಿ 80% ಕೂಡ ಮೊದಲೇ ಕಡಿತವಾಗಿರದಿದ್ದರೆ ಮುಂದಿನ ವರ್ಷದ ಮುಂಗಡವೂ ಸೇರುತ್ತದೆ, ಅರ್ಧ ಜನವರಿ 31ಕ್ಕೆ, ಅರ್ಧ ಜುಲೈ 31ಕ್ಕೆ.